ಕಾಯಿಲೆ ಬಿದ್ದವರ ಜೀವವಿಮೆ ಪಾಲಿಸಿ ಮಾರಬಹುದಾ? ಭಾವನ ಪಾಲಿಸಿ ಬಗ್ಗೆ ಸಲಹೆ ಬೇಕು

ತುಂಗಭದ್ರಾ ತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಗಂಡನಿಗೆ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ವಯಸ್ಸು 46. ಹರಿಹರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಉಳಿತಾಯವೆಲ್ಲ ಆಸ್ಪತ್ರೆಗೆ ಹೋಗಿದೆ. ಅಕ್ಕನ ಬಳೆ ಬ್ಯಾಂಕಿನಲ್ಲಿ ಅಡವಿದೆ. ಇಬ್ಬರು ಮಕ್ಕಳು, ದೊಡ್ಡವಳು ಪಿಯುಸಿ.

ಭಾವನ ಹೆಸರಲ್ಲಿ ಒಂದು ಎಲ್‌ಐಸಿ ಎಂಡೋಮೆಂಟ್ ಪಾಲಿಸಿ (ಅವಧಿ ಮುಗಿದರೂ, ನಡುವೆ ತೀರಿಕೊಂಡರೂ ಹಣ ಬರುವಂಥದ್ದು) ಇದೆ. ವಿಮಾ ಮೊತ್ತ 5 ಲಕ್ಷ. 20 ವರ್ಷದ್ದು, 11 ವರ್ಷ ಕಟ್ಟಿ ಆಗಿದೆ. ವರ್ಷಕ್ಕೆ ಸುಮಾರು 25 ಸಾವಿರ ಕಂತು. ಇಲ್ಲಿಯವರೆಗೆ ಸೇರಿದ ಬೋನಸ್ 2.4 ಲಕ್ಷದಷ್ಟಿದೆ. ಈಗ ಸರೆಂಡರ್ ಮಾಡಿದರೆ, ಅಂದರೆ ಪಾಲಿಸಿಯನ್ನು ನಡುವೆಯೇ ಕಂಪನಿಗೆ ಬಿಟ್ಟುಕೊಟ್ಟರೆ, 2.5 ಲಕ್ಷದ ಆಸುಪಾಸು ಬರುತ್ತದೆ ಅಂತ ಶಾಖೆಯಲ್ಲಿ ಹೇಳಿದರು.

ಊರಲ್ಲಿ ಬಡ್ಡಿ ವ್ಯವಹಾರ ಮಾಡುವವರೊಬ್ಬರು ಮನೆಗೆ ಬಂದಿದ್ದರು. ಪಾಲಿಸಿ ನನ್ನ ಹೆಸರಿಗೆ ಬರೆದುಕೊಡಿ, ಮೂರೂವರೆ ಲಕ್ಷ ನಗದು ಕೊಡುತ್ತೇನೆ, ಮುಂದಿನ ಕಂತೆಲ್ಲ ನನ್ನದು ಎಂದರು. ಸರೆಂಡರಿಗಿಂತ ಒಂದು ಲಕ್ಷ ಜಾಸ್ತಿ. ಅಮೆರಿಕದಲ್ಲಿ ಇದೆಲ್ಲ ಮಾಮೂಲು ಅಂತಲೂ ಹೇಳಿದರು. ಅಕ್ಕ ಅರ್ಧ ಒಪ್ಪಿಬಿಟ್ಟಿದ್ದಾಳೆ. ಇದು ಕಾನೂನಿನ ಪ್ರಕಾರ ಸರಿಯಾ? ಮುಂದಿನ ಕಂತಿಗೆ ಇನ್ನು ಎರಡು ತಿಂಗಳಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನಿವೃತ್ತ ವಿಮಾ ನೌಕರ

ತಮ್ಮಾ, ಮೊದಲು ಅಕ್ಕನಿಗೆ ಹೇಳು, ಯಾವ ಕಾಗದಕ್ಕೂ ಸಹಿ ಹಾಕಿಸಬೇಡ ಅಂತ. ಆಮೇಲೆ ಈ ಲೆಕ್ಕ ಓದು. ನಾನು ವಿಮೆ ಕಚೇರಿಯಲ್ಲಿ ಕ್ಲೇಮು ವಿಭಾಗದಲ್ಲಿ ಇದ್ದವನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನೀನು ಹೋಲಿಸುತ್ತಿರುವುದು 2.5 ಲಕ್ಷ ಮತ್ತು 3.5 ಲಕ್ಷ. ಆ ಮನುಷ್ಯ ನೋಡುತ್ತಿರುವುದು ಬೇರೆ ಅಂಕಿ. 5 ಲಕ್ಷ ವಿಮಾ ಮೊತ್ತ, 2.4 ಲಕ್ಷ ಬೋನಸ್. ಇವತ್ತೇ ಏನಾದರೂ ಆದರೆ ನಿನ್ನ ಅಕ್ಕನಿಗೆ ಸಿಗುವುದು 7.4 ಲಕ್ಷ. ಆತ ಅದನ್ನು ಮೂರೂವರೆಗೆ ಕೇಳುತ್ತಿದ್ದಾನೆ.

ಸರೆಂಡರ್ ಮೌಲ್ಯ ಯಾಕೆ ಕಡಿಮೆ ಗೊತ್ತಾ? ಅದನ್ನು ಲೆಕ್ಕ ಹಾಕುವಾಗ ಪಾಲಿಸಿದಾರನ ಆರೋಗ್ಯ ನೋಡುವುದಿಲ್ಲ. ಗಟ್ಟಿಮುಟ್ಟಾದವನಿಗೂ ಅಷ್ಟೇ, ಹಾಸಿಗೆ ಹಿಡಿದವನಿಗೂ ಅಷ್ಟೇ. 20 ವರ್ಷದ ಕೊನೆಗೆ ಕೊಡಬೇಕಾದ ಹಣವನ್ನು 9 ವರ್ಷ ಮೊದಲೇ ಕೊಡುತ್ತಿದ್ದೇವೆ ಅಂತ ಕಡಿತ ಮಾಡುತ್ತಾರೆ. ಆದರೆ ಭಾವನ ಕಾಯಿಲೆಯಿಂದಾಗಿ ಈ ಪಾಲಿಸಿಯ ನಿಜವಾದ ಬೆಲೆ ಸರೆಂಡರ್ ಮೌಲ್ಯಕ್ಕಿಂತ ತುಂಬಾ ಮೇಲೆ ಹೋಗಿದೆ. ಹೇಳಲು ಕಷ್ಟವಾಗುವ ಮಾತು ಇದು, ಆದರೆ ಮುಚ್ಚಿಟ್ಟರೆ ನಷ್ಟ ನಿಮ್ಮದೇ. ಸಾಲ ಕೊಡುವವನಿಗೆ ಅದು ಚೆನ್ನಾಗಿ ಗೊತ್ತಿದೆ. ಮನೆಯವರಿಗೇ ಗೊತ್ತಿರುವುದಿಲ್ಲ.

ಇನ್ನೊಂದು ಅಂಕಿ ನೋಡು. ನಾಳೆಯಿಂದ ಒಂದು ರೂಪಾಯಿ ಕಂತು ಕಟ್ಟದೆ ಬಿಟ್ಟರೂ ಇಂಥ ಪಾಲಿಸಿ ಪೂರ್ತಿ ಸಾಯುವುದಿಲ್ಲ, ಪೇಡ್-ಅಪ್ ಆಗುತ್ತದೆ, ಅಂದರೆ ಕಟ್ಟಿದ ವರ್ಷಗಳಿಗೆ ತಕ್ಕಷ್ಟು ಮೊತ್ತಕ್ಕೆ ಇಳಿದು ಉಳಿಯುತ್ತದೆ. 20ರಲ್ಲಿ 11 ವರ್ಷ ಕಟ್ಟಿದ್ದಕ್ಕೆ 5 ಲಕ್ಷದಲ್ಲಿ 2.75 ಲಕ್ಷ, ಅದರ ಮೇಲೆ ಈಗಾಗಲೇ ಸೇರಿದ ಬೋನಸ್. ಒಟ್ಟು 5 ಲಕ್ಷ ದಾಟುತ್ತದೆ. ಏನೂ ಮಾಡದೆ ಸುಮ್ನೆ ಕೂತರೂ ಆತ ಕೊಡುವುದಕ್ಕಿಂತ ಜಾಸ್ತಿ!

ಹಾಗಾದರೆ ಈಗ ಹಣಕ್ಕೆ ಏನು ದಾರಿ? ಪಾಲಿಸಿ ಮೇಲೆ ಸಾಲ. ಚಾಲ್ತಿಯಲ್ಲಿರುವ ಪಾಲಿಸಿಗೆ ಸರೆಂಡರ್ ಮೌಲ್ಯದ ಶೇ. 90ರವರೆಗೆ ಸಾಲ ಕೊಡುತ್ತಾರೆ. ನಿಮಗೆ ಹತ್ತಿರ ಹತ್ತಿರ 2.25 ಲಕ್ಷ. ಬಡ್ಡಿ ವರ್ಷಕ್ಕೆ ಶೇ. 9-10ರ ಆಸುಪಾಸು, ಆರು ತಿಂಗಳಿಗೊಮ್ಮೆ. ಅಸಲು ತೀರಿಸು ಅಂತ ಯಾರೂ ಬಾಗಿಲು ಬಡಿಯುವುದಿಲ್ಲ. ಕ್ಲೇಮು ಬಂದಾಗ ಬಾಕಿ ಹಿಡಿದುಕೊಂಡು ಉಳಿದದ್ದನ್ನು ನಾಮಿನಿಗೆ ಕೊಡುತ್ತಾರೆ.

ಎರಡು ವರ್ಷದ ಲೆಕ್ಕ ಹಾಕೋಣ. ಸಾಲ ಬಡ್ಡಿ ಸೇರಿ 2.7 ಲಕ್ಷ ಆಗಿರುತ್ತದೆ. ಕ್ಲೇಮು ಬೋನಸ್ ಸೇರಿ 7.8 ಲಕ್ಷ. ಕಳೆದರೆ 5 ಲಕ್ಷದ ಮೇಲೆ ಅಕ್ಕನಿಗೆ ಉಳಿಯುತ್ತದೆ, ನಡುವೆ ಕಟ್ಟುವ 50 ಸಾವಿರ ಕಂತು ಒಂದು ಖರ್ಚು. ಈಗ ಕೈಗೆ 2.25, ಮುಂದೆ 5. ಇದನ್ನು ಆತನ ಮೂರೂವರೆ ಪಕ್ಕದಲ್ಲಿಟ್ಟು ಅಕ್ಕನಿಗೆ ತೋರಿಸು. ಬಾಯಿಮಾತಲ್ಲಿ ಬೇಡ, ಕಾಗದದ ಮೇಲೆ ಬರೆದು ತೋರಿಸು.

ತುಂಗಭದ್ರಾ ತೀರ

ಸರ್, ತುಂಬಾ ಉಪಕಾರ. ಪೇಡ್-ಅಪ್ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಆ ವ್ಯಕ್ತಿ "ಅಸೈನ್‌ಮೆಂಟ್ ಅಂತ ಇದೆ, ಕಾನೂನಿನಲ್ಲೇ ಇದೆ, ಸುಪ್ರೀಂ ಕೋರ್ಟ್ ಒಪ್ಪಿದೆ" ಎಂದರು. ಅದು ನಿಜವಾ?

ಬಳ್ಳಾರಿ ವಕೀಲೆ

ಅರ್ಧ ನಿಜ.

1938ರ ವಿಮಾ ಕಾಯ್ದೆಯ 38ನೇ ಕಲಂ ಪ್ರಕಾರ ಪಾಲಿಸಿಯನ್ನು ಬೇರೆಯವರ ಹೆಸರಿಗೆ ವರ್ಗಾಯಿಸಬಹುದು, ಅದಕ್ಕೇ ಅಸೈನ್‌ಮೆಂಟ್ ಅನ್ನುವುದು. ಬಾಂಡಿನ (ಪಾಲಿಸಿ ಪತ್ರದ) ಹಿಂದೆ ಬರೆದು ಅಥವಾ ಬೇರೆ ಪತ್ರ ಮಾಡಿ, ಪಾಲಿಸಿದಾರ ಸಹಿ ಹಾಕಿ, ಕನಿಷ್ಠ ಒಬ್ಬ ಸಾಕ್ಷಿ ಸಹಿ ಮಾಡಿ, ವಿಮಾ ಕಂಪನಿಗೆ ಲಿಖಿತ ನೋಟಿಸ್ ಕೊಡಬೇಕು. ಹಿಂದೆ ಮುಂಬೈ ಕಡೆ ಪಾಲಿಸಿಗಳನ್ನು ಕೊಂಡು ಮಾರುವ ಕಂಪನಿಗಳೇ ಇದ್ದವು. ಎಲ್‌ಐಸಿ 2003ರಲ್ಲಿ ಸುತ್ತೋಲೆ ಹೊರಡಿಸಿ ಇಂಥ ವರ್ಗಾವಣೆ ನೋಂದಾಯಿಸುವುದಿಲ್ಲ ಎಂದಿತು. ಇನ್ಶೂರ್ ಪಾಲಿಸಿ ಪ್ಲಸ್ ಎಂಬ ಕಂಪನಿ ಕೋರ್ಟಿಗೆ ಹೋಯಿತು. 2007ರಲ್ಲಿ ಬಾಂಬೆ ಹೈಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ನಿಮ್ಮ ಊರಿನವರು ಹೇಳುತ್ತಿರುವುದು ಇದನ್ನೇ.

ಆದರೆ ಆ ತೀರ್ಪು ಹಳೆಯ ಕಾಯ್ದೆಯ ಮೇಲೆ. ತೀರ್ಪು ಬರುವ ಹೊತ್ತಿಗೆ ಸಂಸತ್ತು 38ನೇ ಕಲಮನ್ನೇ ತಿದ್ದಿಯಾಗಿತ್ತು. 2015ರ ತಿದ್ದುಪಡಿ ಪ್ರಕಾರ, ವರ್ಗಾವಣೆ ಪ್ರಾಮಾಣಿಕವಲ್ಲ, ಪಾಲಿಸಿದಾರನ ಹಿತಕ್ಕಿಲ್ಲ, ಸಾರ್ವಜನಿಕ ಹಿತಕ್ಕಿಲ್ಲ, ಅಥವಾ ಪಾಲಿಸಿ ವ್ಯಾಪಾರಕ್ಕಾಗಿ ನಡೆದಿದೆ ಅಂತ ನಂಬಲು ಸಾಕಷ್ಟು ಕಾರಣ ಇದ್ದರೆ ಕಂಪನಿ ಅದನ್ನು ತಿರಸ್ಕರಿಸಬಹುದು. ಕಾರಣವನ್ನು 30 ದಿನದೊಳಗೆ ಬರೆದು ತಿಳಿಸಬೇಕು. ಒಪ್ಪದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು.

ಅಂದರೆ ಅಪರಿಚಿತನಿಗೆ ದುಡ್ಡಿಗೆ ಮಾರುವ ವರ್ಗಾವಣೆಯನ್ನು ಕಂಪನಿ ನಿಲ್ಲಿಸಬಹುದು. ಬ್ಯಾಂಕಿಗೋ ಸಹಕಾರ ಸಂಘಕ್ಕೋ ಸಾಲದ ಭದ್ರತೆಗೆ ಷರತ್ತಿನ ಮೇಲೆ ಅಸೈನ್ ಮಾಡುವುದು ಬೇರೆ ವಿಷಯ. ಮನೆ ಪತ್ರ ಅಡವಿಟ್ಟ ಹಾಗೆ, ಸಾಲ ತೀರಿದ ಮೇಲೆ ಪಾಲಿಸಿ ವಾಪಸ್ ಬರುತ್ತದೆ. ಪೂರ್ತಿ ಅಸೈನ್‌ಮೆಂಟ್ ಆದರೆ ಬರುವುದಿಲ್ಲ. ಅಕ್ಕನ ನಾಮಿನೇಷನ್ನೂ ತಾನಾಗಿಯೇ ರದ್ದಾಗುತ್ತದೆ. ಇದನ್ನು ಅಕ್ಕನಿಗೆ ಬಿಡಿಸಿ ಹೇಳಿ.

ಇನ್ನೊಂದು ವಿಷಯ ನೋಡಿ. ಬಾಂಡಿನ ಮೇಲೆ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, 1874 ಅಂತ ಏನಾದರೂ ಬರೆದಿದೆಯಾ? ಆ ಕಾಯ್ದೆಯಡಿ ಮಾಡಿಸಿದ ಪಾಲಿಸಿ ಹೆಂಡತಿ ಮಕ್ಕಳ ಹೆಸರಿನ ಟ್ರಸ್ಟ್ ಇದ್ದಂತೆ. ಗಂಡ ಒಬ್ಬನೇ ಅದನ್ನು ಮಾರಲೂ ಆಗದು, ಅಡವಿಡಲೂ ಆಗದು.

ಕೊಡಚಾದ್ರಿ

ನನಗೆ ಈ ತಿದ್ದುಪಡಿಯೇ ಸರಿ ಕಾಣುವುದಿಲ್ಲ. ಪಾಲಿಸಿ ಭಾವನದು. ಹನ್ನೊಂದು ವರ್ಷ ಬೆವರು ಸುರಿಸಿ ಕಟ್ಟಿದವರು ಅವರು. ಮಾರುತ್ತೇನೆ ಎಂದರೆ ಕಂಪನಿ ಬೇಡ ಅನ್ನಬಹುದು. ಅದೇ ಸರೆಂಡರ್ ಮಾಡುತ್ತೇನೆ ಎಂದರೆ ಮಾತಿಲ್ಲದೆ ಒಪ್ಪುತ್ತದೆ. 7.4 ಲಕ್ಷದ ಹೊಣೆಯನ್ನು 2.5 ಲಕ್ಷಕ್ಕೆ ಮುಗಿಸಿಕೊಂಡರೆ ಲಾಭ ಯಾರಿಗೆ? ಹೊರಗೆ ಹೆಚ್ಚು ಕೊಡುವವನಿದ್ದರೆ ಮಾರಲು ಬಿಡಬೇಕು. ಎಲ್ಲರಿಗೂ ಸಾಲ ಸಾಕಾಗುವುದಿಲ್ಲ. ಟರ್ಮ್ ಪಾಲಿಸಿ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಬರುವಂಥದ್ದು) ಇದ್ದವರ ಕಥೆ ಏನು? ಅದಕ್ಕೆ ಸರೆಂಡರ್ ಮೌಲ್ಯವೂ ಇಲ್ಲ, ಸಾಲವೂ ಇಲ್ಲ.

ಬಳ್ಳಾರಿ ವಕೀಲೆ

ನಿಮ್ಮ ಮಾತಿನಲ್ಲಿ ಹುರುಳಿದೆ, ಸರ್. ಸರೆಂಡರ್ ಒಂದೇ ಬಾಗಿಲು ಅಂತಾದರೆ ಅದು ಅನ್ಯಾಯವೇ. ಆದರೆ ಮಾರುಕಟ್ಟೆ ಬಿಡಬೇಕೆಂದರೆ ಕೊಳ್ಳುವವನಿಗೆ ಪರವಾನಗಿ, ಬೆಲೆಗೆ ನಿಯಮ, ಮನಸ್ಸು ಬದಲಾದರೆ ವಾಪಸ್ ಪಡೆಯಲು ಕಾಲಾವಕಾಶ, ಎಲ್ಲಾ ಬೇಕು. ನಮ್ಮಲ್ಲಿ ಇವು ಯಾವುದೂ ಇಲ್ಲ. ಈಗ ಕೊಳ್ಳಲು ಬರುವವನು ಯಾವ ನಿಯಮದ ಕೆಳಗೂ ಇಲ್ಲದ ಮನುಷ್ಯ. ಅಂಥವನ ಮುಂದೆ ಕೀಮೋ ಮಾಡಿಸಿಕೊಂಡು ಸುಸ್ತಾದ ರೋಗಿಯನ್ನು ಕೂರಿಸಿ ಚೌಕಾಸಿ ಮಾಡು ಅನ್ನುವುದು ಹೇಗೆ?

ನ್ಯೂಜೆರ್ಸಿ ಕನ್ನಡಿಗ

ಅಮೆರಿಕದ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಹೌದು, ಇಲ್ಲಿ ಇದೆ. ಗುಣವಾಗದ ಕಾಯಿಲೆಯವರು ಪಾಲಿಸಿ ಮಾರುವುದಕ್ಕೆ ವಯಾಟಿಕಲ್ ಸೆಟಲ್‌ಮೆಂಟ್ ಅನ್ನುತ್ತಾರೆ. ಆದರೆ ಇಲ್ಲಿನ ಕಥೆ ಪೂರ್ತಿ ಕೇಳಿ.

ಬೇರು ತುಂಬಾ ಹಳೆಯದು. ಬರ್ಚರ್ಡ್ ಎಂಬಾತನಿಗೆ ಆಪರೇಷನ್ ಆಗಬೇಕಿತ್ತು, ದುಡ್ಡಿರಲಿಲ್ಲ. ತನ್ನ ಪಾಲಿಸಿಯನ್ನು ಗ್ರಿಗ್ಸ್‌ಬಿ ಎಂಬ ವೈದ್ಯನಿಗೆ 100 ಡಾಲರಿಗೆ ಮಾರಿದ, ಮುಂದಿನ ಕಂತು ವೈದ್ಯನದು ಅಂತ ಮಾತಾಯಿತು. ಆತ ತೀರಿಕೊಂಡ ಮೇಲೆ ಹಣ ಯಾರಿಗೆ ಅಂತ ವ್ಯಾಜ್ಯ. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೋಮ್ಸ್, ಪ್ರಾಮಾಣಿಕವಾಗಿ ಮಾಡಿಸಿದ ಪಾಲಿಸಿ ಉಳಿದ ಆಸ್ತಿಯ ಹಾಗೇ, ಮಾರಬಹುದು ಎಂದರು. ವೈದ್ಯ ಗೆದ್ದ.

ಅದು ದೊಡ್ಡ ವ್ಯಾಪಾರವಾದದ್ದು 1980ರ ದಶಕದ ಕೊನೆಯಲ್ಲಿ, ಏಡ್ಸ್ ಕಾಲದಲ್ಲಿ. ಚಿಕ್ಕ ವಯಸ್ಸಿನ ಗಂಡಸರು, ಕೆಲಸ ಹೋಗಿದೆ, ಔಷಧಿ ದುಬಾರಿ, ಎಷ್ಟೋ ಜನರಿಗೆ ಹೆಂಡತಿ ಮಕ್ಕಳಿಲ್ಲ. ಅವರಿಗೆ ಪಾಲಿಸಿ ಮಾರುವುದು ನಿಜವಾಗಿಯೂ ಆಸರೆಯಾಯಿತು. ಕೊನೆಯ ದಿನಗಳಲ್ಲಿ ಬಾಡಿಗೆ ಕಟ್ಟಿದರು, ಮರ್ಯಾದೆಯಿಂದ ಬದುಕಿದರು. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕೊಂಡವನಿಗೆ ಲಾಭ ಬರಬೇಕಾದರೆ ಮಾರಿದವನು ಬೇಗ ಹೋಗಬೇಕು. 1996ರ ಹೊತ್ತಿಗೆ ಹೊಸ ಔಷಧಿಗಳು ಬಂದವು, ಜನ ಬದುಕಿಕೊಂಡರು. ಹೂಡಿಕೆದಾರರು ವರ್ಷಗಟ್ಟಲೆ ಕಂತು ಕಟ್ಟುತ್ತಾ ಕೂರಬೇಕಾಯಿತು. ಮೋಸವೂ ಸೇರಿಕೊಂಡಿತು. ಫ್ಲಾರಿಡಾದ ಮ್ಯೂಚುವಲ್ ಬೆನಿಫಿಟ್ಸ್ ಎಂಬ ಕಂಪನಿ ಹೂಡಿಕೆದಾರರಿಂದ ನೂರು ಕೋಟಿ ಡಾಲರಿಗೂ ಹೆಚ್ಚು ಎತ್ತಿತ್ತು. 2004ರಲ್ಲಿ ಷೇರು ನಿಯಂತ್ರಣ ಆಯೋಗ ಅದರ ಮೇಲೆ ಕೇಸು ಹಾಕಿ ನಿಲ್ಲಿಸಿತು.

ಇಷ್ಟೆಲ್ಲಾ ಆದ ಮೇಲೆ ಈಗ ನಿಯಮಗಳಿವೆ. ಬಹುತೇಕ ರಾಜ್ಯಗಳಲ್ಲಿ ಕೊಳ್ಳುವ ಕಂಪನಿ ಪರವಾನಗಿ ಪಡೆದಿರಬೇಕು. ರಾಜ್ಯಗಳ ವಿಮಾ ಆಯುಕ್ತರ ಒಕ್ಕೂಟ ಬರೆದ ಮಾದರಿ ನಿಯಮದಲ್ಲಿ ಕನಿಷ್ಠ ಬೆಲೆಯನ್ನೂ ಹೇಳಿದೆ. ಆರು ತಿಂಗಳೊಳಗಿನ ಆಯುಷ್ಯ ಎಂದಿದ್ದರೆ ಸಾವಿನ ನಂತರ ಸಿಗಬೇಕಾದ ಮೊತ್ತದ ಶೇ. 80, ಆರರಿಂದ ಹನ್ನೆರಡು ತಿಂಗಳಿಗೆ ಶೇ. 70. ನಿಮ್ಮ ಊರಿನವರು ಕೊಡುವುದು ಎಷ್ಟಾಯಿತು? 7.4ರಲ್ಲಿ 3.5, ಅರ್ಧಕ್ಕೂ ಕಡಿಮೆ. ಅಮೆರಿಕದ ಮಾತು ಆಡುವವರು ಈ ದರವನ್ನೂ ಹೇಳಬೇಕಿತ್ತು.

ಇಲ್ಲಿರುವ ನಮ್ಮ ಹುಡುಗರಿಗೂ ಒಂದು ಮಾತು. 24 ತಿಂಗಳೊಳಗೆ ಜೀವಕ್ಕೆ ಅಪಾಯ ಅಂತ ವೈದ್ಯರು ಬರೆದುಕೊಟ್ಟಿದ್ದರೆ, ಪರವಾನಗಿ ಪಡೆದ ಕಂಪನಿಗೆ ಮಾರಿದ ಹಣಕ್ಕೆ 1996ರ ಕಾನೂನಿನ ಪ್ರಕಾರ ಫೆಡರಲ್ ತೆರಿಗೆ ಇಲ್ಲ. ಆದರೆ ಮಾರುವ ಮೊದಲು ನಿಮ್ಮದೇ ಪಾಲಿಸಿಯಲ್ಲಿ ಆಕ್ಸಿಲರೇಟೆಡ್ ಡೆತ್ ಬೆನಿಫಿಟ್ ಇದೆಯಾ ನೋಡಿ. ಇದ್ದರೆ ವಿಮಾ ಕಂಪನಿಯೇ ಒಂದು ಭಾಗ ಮುಂಗಡ ಕೊಡುತ್ತದೆ, ಉಳಿದದ್ದು ಮನೆಯವರಿಗೇ. ಕೈಗೆ ಬಂದ ದೊಡ್ಡ ಮೊತ್ತ ಮೆಡಿಕೇಯ್ಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ನೆರವು) ಅರ್ಹತೆಗೆ ಅಡ್ಡ ಬರಬಹುದು, ಅದನ್ನೂ ಕೇಳಿಕೊಳ್ಳಿ. ಕೆಲಸ ಕೊಟ್ಟ ಕಂಪನಿಯ ಗುಂಪು ವಿಮೆ ಇದ್ದರೆ, ಕೆಲಸ ಬಿಟ್ಟ ಮೇಲೆ ಅದನ್ನು ಸ್ವಂತ ಪಾಲಿಸಿಯಾಗಿ ಬದಲಿಸಿಕೊಳ್ಳಲು ಸಾಮಾನ್ಯವಾಗಿ 31 ದಿನ ಮಾತ್ರ ಇರುತ್ತದೆ. ಎಚ್-1ಬಿ ಮೇಲೆ ಇದ್ದು ಕಾಯಿಲೆಯಾಗಿ ಕೆಲಸ ಹೋದವರು ವೀಸಾ ಗಡಿಬಿಡಿಯಲ್ಲಿ ಇದನ್ನೇ ಮರೆಯುತ್ತಾರೆ.

ಹುಬ್ಬಳ್ಳಿ ಏಜೆಂಟ

ವಕೀಲ ಮೇಡಂ ಕಾನೂನು ಹೇಳಿದರು. ನಾನು ಊರಲ್ಲಿ ನಡೆಯುವುದನ್ನು ಹೇಳುತ್ತೇನೆ, ಯಾಕೆಂದರೆ ಕಂಪನಿ ತಿರಸ್ಕರಿಸಬಹುದು ಅಂತ ಈ ಬಡ್ಡಿಯವರಿಗೂ ಗೊತ್ತು. ಅವರು ಕಚೇರಿಗೆ ಹೋಗುವುದೇ ಇಲ್ಲ.

ನಮ್ಮ ಓಣಿಯಲ್ಲಿ ಒಬ್ಬರ ಮನೆಯಲ್ಲಿ ಆದದ್ದು ಹೀಗೆ. ಗಂಡನಿಗೆ ಕಿಡ್ನಿ ಕಾಯಿಲೆ. ಬಾಂಡು ತಗೊಂಡರು. ನೂರು ರೂಪಾಯಿ ಛಾಪಾ ಕಾಗದದ ಮೇಲೆ ಕೈಗಡ ಸಾಲ ಅಂತ ಬರೆಸಿದರು, ಮೊತ್ತದ ಜಾಗ ಖಾಲಿ. ನಾಮಿನಿಯಾಗಿದ್ದ ಹೆಂಡತಿಯಿಂದ ತುಂಬದ ಡಿಸ್‌ಚಾರ್ಜ್ ಫಾರಂಗೆ (ಕ್ಲೇಮು ಹಣ ಪಡೆದೆ ಎಂಬ ರಸೀದಿಗೆ) ಸಹಿ. ಅವಳ ಖಾತೆಯ ಮೂರು ಖಾಲಿ ಚೆಕ್ಕು, ಎಟಿಎಂ ಕಾರ್ಡು, ಪಿನ್ ಕೂಡ. ಬ್ಯಾಂಕಿನಲ್ಲಿ ಕೊಟ್ಟಿದ್ದ ಮೊಬೈಲ್ ನಂಬರನ್ನೂ ಬದಲಾಯಿಸಿದರು. ಗಂಡ ತೀರಿಕೊಂಡ. ಕ್ಲೇಮು ಹಣ ಕಂಪನಿಯಿಂದ ನೇರವಾಗಿ ಅವಳ ಖಾತೆಗೇ ಬಂತು, ದಾಖಲೆಯಲ್ಲಿ ಎಲ್ಲವೂ ಸರಿಯಾಗಿದೆ. ಅವಳಿಗೆ ಮೆಸೇಜು ಕೂಡ ಬರಲಿಲ್ಲ. ಹದಿಮೂರನೇ ದಿನದ ಊಟಕ್ಕೆ ಆ ಹೆಣ್ಣುಮಗಳು ಸಾಲ ಮಾಡಬೇಕಾಯಿತು.

ಹಾಗಾಗಿ ಬಾಂಡು ಮನೆಯಲ್ಲೇ ಇರಲಿ. ಖಾಲಿ ಚೆಕ್ಕು ಬೇಡ. ನನ್ನನ್ನು ನಾಮಿನಿ ಮಾಡಿ ಅಂತ ಕೇಳಿದರೂ ಬೇಡ.

ನಿವೃತ್ತ ವಿಮಾ ನೌಕರ

ಏಜೆಂಟ್ ಸಾಹೇಬರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಾಮಿನಿ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. 2015ರ ನಂತರ ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ. ಹೊರಗಿನವನು ನಾಮಿನಿಯಾಗಿದ್ದರೆ ಅವನು ಬರೀ ಪಡೆಯುವವನು, ಹಣ ವಾರಸುದಾರರದು. ಆದರೆ ಒಮ್ಮೆ ಅವನ ಕೈಗೆ ಹೋದ ಮೇಲೆ ವಸೂಲಿಗೆ ಕೋರ್ಟು ಅಲೆಯಬೇಕು.

ಟರ್ಮ್ ಪಾಲಿಸಿ ಬಗ್ಗೆ ಕೇಳಿದವರಿಗೆ: ಈಗಿನ ಹಲವು ಟರ್ಮ್ ಪಾಲಿಸಿಗಳಲ್ಲಿ ಟರ್ಮಿನಲ್ ಇಲ್‌ನೆಸ್ ಸೌಲಭ್ಯ ಸೇರಿಸಿರುತ್ತಾರೆ. ಆರು ತಿಂಗಳಿಗಿಂತ ಹೆಚ್ಚು ಬದುಕುವ ಸಾಧ್ಯತೆ ಇಲ್ಲ ಅಂತ ತಜ್ಞ ವೈದ್ಯರು ಬರೆದುಕೊಟ್ಟರೆ ವಿಮಾ ಮೊತ್ತವನ್ನು ಮೊದಲೇ ಕೊಡುತ್ತಾರೆ. ಷರತ್ತು ಕಂಪನಿಯಿಂದ ಕಂಪನಿಗೆ ಬೇರೆ. ಕ್ರಿಟಿಕಲ್ ಇಲ್‌ನೆಸ್ ರೈಡರ್ (ಪಾಲಿಸಿಯ ಜೊತೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ) ಬೇರೆಯದೇ. ಕ್ಯಾನ್ಸರ್ ಪತ್ತೆಯಾದ ಮೇಲೆ ನಿಗದಿತ ದಿನ ಬದುಕಿದ್ದರೆ ಆ ಮೊತ್ತ ಸಿಗುತ್ತದೆ. ಭಾವನ ಬಾಂಡಿನ ಮೊದಲ ಪುಟದಲ್ಲಿ ಪಾಲಿಸಿ ನಂಬರಿನ ಕೆಳಗಿನ ಪಟ್ಟಿಯಲ್ಲಿ ರೈಡರ್ ಹೆಸರು ಇರುತ್ತದೆ. ಕಂತಿನ ರಸೀದಿಯಲ್ಲಿ ರೈಡರಿಗೆ ಅಂತ ಪುಟ್ಟ ಮೊತ್ತ ಬೇರೆ ಇದ್ದರೂ ಅದೇ ಸುಳಿವು. ಎಷ್ಟೋ ಮನೆಗಳಲ್ಲಿ ರೈಡರ್ ಇದೆ ಅಂತಲೇ ಗೊತ್ತಿರುವುದಿಲ್ಲ. ನೋಡಿ ಹೇಳು.

ಕೀಮೋ ಮುಗಿಸಿದವಳು

ಮೊದಲಿಂದ ಓದುತ್ತಾ ಬಂದೆ. ಎಲ್ಲರೂ ಒಳ್ಳೆಯದಕ್ಕೇ ಹೇಳುತ್ತಿದ್ದೀರಿ. ಆದರೆ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಭಾವನಿಗೆ ಏನು ಬೇಕು?

ನಾನೂ ಸ್ತನ ಕ್ಯಾನ್ಸರ್ ಆಗಿ ಚಿಕಿತ್ಸೆ ಮುಗಿಸಿದವಳು. ಮನೆಯವರು ಅಡುಗೆಮನೆಯಲ್ಲಿ ಪಿಸುಪಿಸು ಮಾತಾಡುತ್ತಾರೆ, ನಾವು ಒಳಗೆ ಬಂದರೆ ಸುಮ್ಮನಾಗುತ್ತಾರೆ. ನನ್ನ ಪಾಲಿಸಿ, ನನ್ನ ಒಡವೆ, ನನ್ನ ಪಿಎಫ್, ಎಲ್ಲದರ ಲೆಕ್ಕವೂ ನನ್ನನ್ನು ಬಿಟ್ಟು ನಡೆಯುತ್ತಿತ್ತು. ನಾನು ಇಲ್ಲದಿರುವ ದಿನದ ಲೆಕ್ಕ ಅದು ಅಂತ ನನಗೆ ಗೊತ್ತಾಗುತ್ತಿರಲಿಲ್ಲವಾ? ಹೇಳದೆ ಇದ್ದದ್ದಕ್ಕೆ ನೋವು ಜಾಸ್ತಿಯಾಯಿತು, ಕಡಿಮೆಯಾಗಲಿಲ್ಲ.

ಭಾವ 46 ವರ್ಷದವರು, ಕಾರ್ಖಾನೆಯಲ್ಲಿ ಹತ್ತಾರು ಜನರನ್ನು ನಡೆಸಿದವರು. ಅವರಿಗೆ ಲೆಕ್ಕ ಅರ್ಥವಾಗುತ್ತದೆ. ಮಕ್ಕಳಿಗೆ ಉಳಿಯಲಿ ಅಂತ ಅವರೇ ಹೇಳಬಹುದು. ಇನ್ನೊಂದು ಒಳ್ಳೆಯ ಔಷಧಿ ಪ್ರಯತ್ನ ಮಾಡೋಣ, ಈಗಲೇ ಹಣ ಬೇಕು ಅಂತಲೂ ಹೇಳಬಹುದು. ಎರಡೂ ಅವರ ಹಕ್ಕು. ದುಡಿದು ಕಟ್ಟಿದವರು ಬದುಕಿರುವಾಗಲೇ ಅವರ ಹಣವನ್ನು ಮನೆಯವರ ಹಣ ಅಂತ ಮಾತಾಡಬೇಡಿ. ಸಿಟ್ಟಿನಿಂದ ಹೇಳುತ್ತಿಲ್ಲ ತಮ್ಮಾ.

ತುಂಗಭದ್ರಾ ತೀರ

ಅಕ್ಕಾ, ನಿಜ. ನಾವು ಭಾವನ ಮುಂದೆ ಇದನ್ನೆಲ್ಲ ಮಾತಾಡಿಲ್ಲ. ಈ ವಾರ ಕೂತು ಮಾತಾಡುತ್ತೇವೆ.

ಮೈಸೂರು ನರ್ಸ್

ನಾನು ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುವವಳು. ನಾಲ್ಕನೇ ಹಂತ ಎಂದ ಕೂಡಲೇ ಕೆಲವೇ ತಿಂಗಳು ಅಂತ ಅಂದುಕೊಳ್ಳಬೇಡಿ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಗೆಡ್ಡೆಯ ಜೀನ್ ಪರೀಕ್ಷೆ ಮಾಡುತ್ತಾರೆ. ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳಲ್ಲಿ ಬದಲಾವಣೆ ಇದ್ದರೆ ಅದಕ್ಕೇ ಅಂತ ಮಾತ್ರೆಗಳಿವೆ. ಸರಿಹೊಂದಿದವರು ವರ್ಷಗಟ್ಟಲೆ ಓಡಾಡಿಕೊಂಡು ಇದ್ದಾರೆ. ಭಾವನಿಗೆ ಆ ಪರೀಕ್ಷೆ ಆಗಿದೆಯಾ? ವರದಿ ಬಂದಿದೆಯಾ? ಪಾಲಿಸಿ ಬಗ್ಗೆ ಯಾವ ನಿರ್ಧಾರಕ್ಕೂ ಮುಂಚೆ ವೈದ್ಯರನ್ನು ಇದನ್ನು ಕೇಳಿ, ಯಾಕೆಂದರೆ ಮುಂದಿನ ಖರ್ಚು ತಿಂಗಳಿಗೆ ಎಷ್ಟು ಅನ್ನುವುದೇ ಇದರ ಮೇಲೆ ನಿಂತಿದೆ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಕಾರ್ಡಿದ್ದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಬೆಂಗಳೂರಿನ ಕಿದ್ವಾಯಿಯಲ್ಲಿ ಖರ್ಚು ಖಾಸಗಿಗಿಂತ ತುಂಬಾ ಕಡಿಮೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಆಸ್ಪತ್ರೆಯ ಅಂದಾಜು ಪತ್ರ ಇಟ್ಟು ಅರ್ಜಿ ಹಾಕಿ. ಯಾವುದಾದರೂ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಇದೆಯಾ ನೋಡಿ.

ಪೀಣ್ಯ ಪಾಳಿ

ಮುಖ್ಯವಾದ ಒಂದು ವಿಷಯ. ಭಾವ ಕೆಲಸಕ್ಕೆ ರಾಜೀನಾಮೆ ಕೊಟ್ಟಿಲ್ಲ ತಾನೇ? ಪಿಎಫ್ ಇರುವ ನೌಕರ ಕೆಲಸದಲ್ಲಿರುವಾಗ ತೀರಿಕೊಂಡರೆ ಇಡಿಎಲ್‌ಐ ಅಂತ ವಿಮೆ ಬರುತ್ತದೆ, 7 ಲಕ್ಷದವರೆಗೆ. ನೌಕರನ ಸಂಬಳದಿಂದ ಒಂದು ಪೈಸೆ ಹಿಡಿಯುವುದಿಲ್ಲ, ಅದಕ್ಕೇ ಯಾರಿಗೂ ನೆನಪಿರುವುದಿಲ್ಲ. ಸುಮ್ನೆ ಕಾಯಿಲೆ ಅಂತ ರಾಜೀನಾಮೆ ಬರೆದುಕೊಟ್ಟರೆ ಅದು ಕೈತಪ್ಪಬಹುದು. ರಜೆ ಮುಗಿದಿದ್ದರೆ ಸಂಬಳವಿಲ್ಲದ ರಜೆ ಕೇಳಿ, ಹೆಸರು ಹಾಜರಿ ಪಟ್ಟಿಯಲ್ಲಿ ಇರಲಿ. ಕಾಯಿಲೆಗೆ ಪಿಎಫ್ ಮುಂಗಡವೂ ಸಿಗುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತ ಆಗಿದೆಯಾ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ, 2 ಲಕ್ಷದ ವಿಮೆ. ಖಾತೆಯಲ್ಲಿ ಹಣ ಇಲ್ಲದೆ ಆ ಕಡಿತ ತಪ್ಪದಿರಲಿ.

ಶರಾವತಿ ಹಿನ್ನೀರು

ನನ್ನದು ಇದಕ್ಕೆ ಹತ್ತಿರದ ಪ್ರಶ್ನೆ. ನಮ್ಮ ಚಿಕ್ಕಪ್ಪನ ಪಾಲಿಸಿ ಹೋದ ವರ್ಷವೇ ಕಂತು ಕಟ್ಟದೆ ಲ್ಯಾಪ್ಸ್ ಆಗಿದೆ. ಈಗ ಲಿವರ್ ಕಾಯಿಲೆ. ಬಾಕಿ ಕಟ್ಟಿ ಚಾಲೂ ಮಾಡಿಸಬಹುದಾ? ಆರೋಗ್ಯದ ಕಾಗದದಲ್ಲಿ ಕಾಯಿಲೆ ಬರೆಯಬೇಡಿ ಅಂತ ಒಬ್ಬರು ಹೇಳುತ್ತಿದ್ದಾರೆ.

ನಿವೃತ್ತ ವಿಮಾ ನೌಕರ

ಬರೆಯದೇ ಇರಬೇಡಿ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಪಾಲಿಸಿ ಶುರುವಾಗಿ ಮೂರು ವರ್ಷ ದಾಟಿದ ಮೇಲೆ ಕಂಪನಿ ಯಾವ ಕಾರಣಕ್ಕೂ ತಕರಾರು ತೆಗೆಯುವಂತಿಲ್ಲ. ಆದರೆ ಮತ್ತೆ ಚಾಲೂ ಮಾಡಿಸಿದರೆ ಆ ಮೂರು ವರ್ಷ ಹೊಸದಾಗಿ ಎಣಿಸುತ್ತಾರೆ. ಸುಳ್ಳು ಬರೆದು ಚಾಲೂ ಮಾಡಿಸಿ ಒಂದೇ ವರ್ಷದಲ್ಲಿ ಕ್ಲೇಮು ಬಂದರೆ ಆಸ್ಪತ್ರೆ ದಾಖಲೆ ತೆಗೆಸುತ್ತಾರೆ. ಇದ್ದದ್ದು ಇದ್ದ ಹಾಗೆ ಬರೆದು ಅರ್ಜಿ ಹಾಕಿ. ಒಪ್ಪದಿದ್ದರೆ, ಸಾಕಷ್ಟು ವರ್ಷ ಕಟ್ಟಿದ್ದ ಪಾಲಿಸಿ ಪೇಡ್-ಅಪ್ ಆಗಿಯೇ ಇರುತ್ತದೆ, ಅದನ್ನು ಕೇಳಿ.

ಕಾಯಿಲೆ ಮುಚ್ಚಿಟ್ಟು ಹೊಸ ಪಾಲಿಸಿ ಮಾಡಿಸೋಣ ಅನ್ನುವವರೂ ಬರುತ್ತಾರೆ. ಅದು ವಂಚನೆ. ಹತ್ತಿರ ಸೇರಿಸಬೇಡಿ. ಹಾಗೇ "ನಿಯಂತ್ರಣ ಪ್ರಾಧಿಕಾರದಿಂದ ಮಾತಾಡುತ್ತಿದ್ದೇವೆ, ನಿಮ್ಮ ಪಾಲಿಸಿಗೆ ಬೋನಸ್ ಬಾಕಿ ಇದೆ, ಬಿಡಿಸಿಕೊಳ್ಳಲು ಹಣ ಕಟ್ಟಿ" ಅಂತ ಫೋನು ಬಂದರೆ ಇಟ್ಟುಬಿಡಿ. ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ ಹಂಚುವುದೂ ಇಲ್ಲ.

ತುಂಗಭದ್ರಾ ತೀರ

ಎಲ್ಲರಿಗೂ ವಿಷಯ ತಿಳಿಸಬೇಕು ಅಂತ ಬಂದೆ.

ಭಾವನ ಜೊತೆ ಮಾತಾಡಿದೆವು. ಪುಸ್ತಕದ ಹಾಳೆ ಮೇಲೆ ಎರಡು ಕಡೆ ಬರೆದು ಅವರ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. ಬಡ್ಡಿಯವರ ಕಡೆಯ ಅಂಕಿಗೆ ಅಡ್ಡ ಗೆರೆ ಹಾಕಿ, "ದೊಡ್ಡವಳ ಓದಿಗೆ ಇದು ಇರಲಿ, ನನ್ನ ಔಷಧಿಗೆ ಸಾಲ ಎತ್ತು" ಎಂದರು. ಅಕ್ಕ ಅತ್ತಳು. ಆದರೆ ಆ ರಾತ್ರಿ ಇಬ್ಬರೂ ಕೂತು ಎಲ್ಲಾ ಕಾಗದ ಹರವಿಕೊಂಡು ನೋಡಿದರು. ರೈಡರ್ ಇರಲಿಲ್ಲ. ಜೀವನ ಜ್ಯೋತಿ ಮಾತ್ರ ಇತ್ತು, ನಮಗೆ ಯಾರಿಗೂ ಗೊತ್ತಿರಲಿಲ್ಲ.

ಶಾಖೆಯಲ್ಲಿ ಸಾಲದ ಅರ್ಜಿ, ಮೂಲ ಬಾಂಡ್, ಆಧಾರ್, ಭಾವನ ಖಾತೆಯ ರದ್ದು ಮಾಡಿದ ಚೆಕ್ಕು ಕೊಟ್ಟೆವು. ಹಣ ಭಾವನ ಖಾತೆಗೇ ಬಂದಿದೆ. ಬಾಂಡು ಈಗ ಕಚೇರಿಯಲ್ಲೇ ಇದೆ. ಅದು ಕೈಯಲ್ಲಿ ಇಲ್ಲ ಅಂತ ತಿಳಿದ ಮೇಲೆ ಆ ವ್ಯಕ್ತಿ ಮತ್ತೆ ಬಂದಿಲ್ಲ. ಕಾರ್ಖಾನೆಯಲ್ಲಿ ರಾಜೀನಾಮೆ ಪತ್ರ ಟೈಪಾಗಿತ್ತು, ಕೊಡುವುದನ್ನು ನಿಲ್ಲಿಸಿದೆವು. ಜೀನ್ ಪರೀಕ್ಷೆಗೆ ಮಾದರಿ ಹೋಗಿದೆ, ವರದಿ ಬಂದಿಲ್ಲ. ಇನ್ನೂ ಹಣ ಸಾಲದು, ಪಿಎಫ್ ಮುಂಗಡಕ್ಕೆ ಅರ್ಜಿ ಹಾಕಿದ್ದೇವೆ.

ಒಂದೇ ಅನುಮಾನ. ಸಾಲದ ಬಡ್ಡಿ ಮತ್ತು ಕಂತು ಎರಡೂ ಒಟ್ಟಿಗೆ ಬಂದರೆ, ಕೈಯಲ್ಲಿ ಒಂದಕ್ಕೆ ಮಾತ್ರ ಹಣ ಇದ್ದರೆ, ಯಾವುದು ಮೊದಲು?

ನಿವೃತ್ತ ವಿಮಾ ನೌಕರ

ಕಂತು ಮೊದಲು. ಕಂತು ನಿಂತರೆ 5 ಲಕ್ಷ 2.75ಕ್ಕೆ ಇಳಿಯುತ್ತದೆ. ಬಡ್ಡಿ ಒಂದೆರಡು ಸಲ ತಡವಾದರೆ ಅಸಲಿಗೆ ಸೇರುತ್ತದೆ, ಅಷ್ಟೇ. ಆದರೆ ಎರಡನ್ನೂ ವರ್ಷಗಟ್ಟಲೆ ಬಿಟ್ಟು ಸಾಲ ಬೆಳೆದು ಸರೆಂಡರ್ ಮೌಲ್ಯ ದಾಟಿದರೆ ಪಾಲಿಸಿಯೇ ಮುಚ್ಚಿಹೋಗಬಹುದು. ವಾರ್ಷಿಕ ಕಂತಿಗೆ ಗಡುವಿನ ನಂತರ 30 ದಿನ ಗ್ರೇಸ್ ಇದೆ, ಅದನ್ನು ದಾಟಿಸಬೇಡ. ಈಗ ಬಂದ ಸಾಲದ ಹಣದಲ್ಲೇ 25 ಸಾವಿರ ಬೇರೆ ತೆಗೆದಿಡು. ಮುಂದಕ್ಕೆ ಕಷ್ಟವಾದರೆ ವಾರ್ಷಿಕ ಕಂತನ್ನು ಮೂರು ತಿಂಗಳಿಗೊಮ್ಮೆ ಕಟ್ಟುವ ಹಾಗೆ ಬದಲಾಯಿಸಲು ಅರ್ಜಿ ಕೊಡಬಹುದು. ಮೊತ್ತ ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಒಂದೇ ಸಲ ಹೊರೆ ಆಗುವುದಿಲ್ಲ.

ಬಳ್ಳಾರಿ ವಕೀಲೆ

ಮುಂದೆ ಕ್ಲೇಮಿನಲ್ಲೋ ಸಾಲದಲ್ಲೋ ತಕರಾರು ಬಂದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್ (ದೂರು ಇತ್ಯರ್ಥ ಮಾಡುವ ಅಧಿಕಾರಿ) ಇದ್ದಾರೆ, ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಆ ಬಡ್ಡಿಯವರು ಮತ್ತೆ ಬಂದು ಬೆದರಿಸಿದರೆ ಪೊಲೀಸ್ ದೂರು ಕೊಡಿ. ಕಿರುಸಾಲದ ವಸೂಲಿ ಕಿರುಕುಳದ ವಿರುದ್ಧ 2025ರಲ್ಲಿ ರಾಜ್ಯದ ಕಾನೂನು ಬಂದಿದೆ, ನೋಂದಣಿ ಇಲ್ಲದೆ ಸಾಲ ಕೊಡುವವರಿಗೂ ಅದು ಅನ್ವಯಿಸುತ್ತದೆ. ಹಳೆಯ ಯಾವುದಾದರೂ ಕೈಗಡ ಅವರ ಹತ್ತಿರ ಇದ್ದರೆ ಅದರ ಪತ್ರದ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ.

ತುಂಗಭದ್ರಾ ತೀರ

ಒಂದು ಹತ್ತು ಸಾವಿರದ್ದು ಇದೆ, ಮೇಡಂ. ನಾಳೆಯೇ ಹೋಗಿ ತೀರಿಸಿ ಪತ್ರ ವಾಪಸ್ ತರುತ್ತೇನೆ. ವರದಿ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.